ಬಾವಿಗಿಳಿದ ಕ್ಯಾಮೆರಾಕ್ಕೆ ಬರೀ ಹಸಿರೇ ಏಕೆ ಕಾಣುತ್ತದೆ?

ಪ್ರಶ್ನೆ: ನಮ್ಮ ಅಡಿಕೆ ತೋಟದ ತೆರೆದ ಬಾವಿಯಲ್ಲಿ ಸುಮಾರು 25 ಅಡಿ ನೀರಿದೆ. ಪಂಪಿನ ಫುಟ್‌ವಾಲ್ವ್‌ಗೆ (ನೀರೆಳೆಯುವ ಕೊಳವೆಯ ಕೆಳತುದಿಯ ಕವಾಟ) ಕಸ ಸಿಕ್ಕಿಕೊಂಡಿದೆಯೇ ಎಂದು ನೋಡಲು ಮಗನ ಗೋಪ್ರೊ ಹೀರೊ 9 ಕ್ಯಾಮೆರಾವನ್ನು ಹಗ್ಗಕ್ಕೆ ಕಟ್ಟಿ ಇಳಿಸಿದೆವು. ನೀರಿಗೆ ಮುಳುಗಿದ ಕೂಡಲೇ ಮೊಬೈಲ್‌ನಲ್ಲಿ ಬರುತ್ತಿದ್ದ ದೃಶ್ಯ ನಿಂತುಹೋಯಿತು. ಮೇಲೆತ್ತಿ ನೋಡಿದರೆ ವಿಡಿಯೊ ತುಂಬ ಹಸಿರು. ಇದಕ್ಕಿಂತ ದುಬಾರಿ ಕ್ಯಾಮೆರಾ ಕೊಳ್ಳಬೇಕೇ?
– ಚನ್ನಗಿರಿ ತಾಲ್ಲೂಕಿನ ಓದುಗರು

ಉತ್ತರ: ಬೇಡ. ನಿಮ್ಮ ಕ್ಯಾಮೆರಾ ಕೇಸ್ ಇಲ್ಲದೆಯೇ 10 ಮೀಟರ್ ಆಳದವರೆಗೆ ತಾಳುತ್ತದೆ. ನಿಮ್ಮ ಬಾವಿಯ ನೀರು ಏಳೂವರೆ ಮೀಟರಿನಷ್ಟಿದೆ. ತೊಂದರೆ ಇರುವುದು ಲೆನ್ಸಿಗೂ ಫುಟ್‌ವಾಲ್ವ್‌ಗೂ ನಡುವೆ ನಿಂತ ನೀರಿನಲ್ಲಿ. ತಿಳಿನೀರು ಕೂಡ ಬೆಳಕಿನ ಕೆಂಪು ಬಣ್ಣವನ್ನು ಕೆಲವೇ ಮೀಟರಿನೊಳಗೆ ಹೀರಿಬಿಡುತ್ತದೆ. ನಮ್ಮ ಕಡೆಯ ಬಾವಿ, ಕೆರೆಗಳಲ್ಲಿ ಪಾಚಿಯೂ ಸೇರಿ ನೀಲಿಯನ್ನೂ ನುಂಗುವುದರಿಂದ ಕೊನೆಗೆ ಉಳಿಯುವುದು ಹಸಿರೊಂದೇ. ಆದ್ದರಿಂದ ನಡುವಿನ ನೀರನ್ನು ಕಡಿಮೆ ಮಾಡುವುದು, ಅಂದರೆ ಕ್ಯಾಮೆರಾವನ್ನು ವಸ್ತುವಿಗೆ ಒಂದೂವರೆ ಅಡಿಯಷ್ಟು ಹತ್ತಿರ ಒಯ್ಯುವುದು, ಯಾವ ಹೊಸ ಕ್ಯಾಮೆರಾಕ್ಕಿಂತಲೂ ಹೆಚ್ಚು ಪ್ರಯೋಜನಕಾರಿ. ಒಂದು ಅಡಿಗಿಂತ ಹತ್ತಿರವೂ ಹೋಗಬಾರದು. ಈ ಕ್ಯಾಮೆರಾಗಳ ಫೋಕಸ್ ಸ್ಥಿರವಾಗಿರುವುದರಿಂದ ಚಿತ್ರ ಮಸುಕಾಗುತ್ತದೆ.

ಹಗ್ಗದಿಂದ ಅಷ್ಟು ಹತ್ತಿರ ನಿಲ್ಲಿಸಲಾಗದು. ಸಂಬಂಧಿಕರ ತೋಟದಲ್ಲಿ ನಾನೂ ಮೊದಲು ಹಗ್ಗವನ್ನೇ ನಂಬಿದ್ದೆ. ಅದು ಮುರಿ ಬಿಚ್ಚಿಕೊಳ್ಳುತ್ತ ತಿರುಗಿ, ಹನ್ನೊಂದು ನಿಮಿಷ ಬಾವಿಯ ಕಲ್ಲುಗೋಡೆಯ ಪ್ರದಕ್ಷಿಣೆಯನ್ನಷ್ಟೇ ತೋರಿಸಿತು. ಅಡಿಕೆ ಕೊಯ್ಯುವ ದೋಟಿ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದರ ತುದಿಗೆ ಕ್ಯಾಮೆರಾವನ್ನು ಕ್ಲ್ಯಾಂಪಿನಿಂದ ಬಿಗಿದು, ಟೊಳ್ಳು ದೋಟಿ ತೇಲದಂತೆ ಅರ್ಧ ಇಟ್ಟಿಗೆ ಕಟ್ಟಿ, ಕ್ಯಾಮೆರಾಕ್ಕೆ ಪ್ರತ್ಯೇಕವಾಗಿ ಒಂದು ತೆಳು ಹಗ್ಗವನ್ನೂ ಹಾಕಿ ಇಳಿಸಿರಿ. ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಮರೆಯದೆ, ಮೇಲೆ ತಂತಿ ಹಾದುಹೋಗಿದ್ದರೆ ಅದನ್ನು ಎತ್ತಲೇಬಾರದು. ಮೋಟಾರಿನ ಮೇನ್ ಸ್ವಿಚ್ಚನ್ನು ಮೊದಲೇ ಆಫ್ ಮಾಡಿರಬೇಕು.

ಇನ್ನು ಬೆಳಕು. ನೀರಿಗಿಳಿಸುವ ಡೈವಿಂಗ್ ಟಾರ್ಚನ್ನು ಲೆನ್ಸಿನ ಪಕ್ಕಕ್ಕೇ ಕಟ್ಟಿದರೆ, ಮಂಜಿನಲ್ಲಿ ಹೈ ಬೀಮ್ ಹಾಕಿದ ಲಾರಿಯಂತೆ, ತೇಲುವ ಕಣಗಳೆಲ್ಲ ಬೆಳಗಿ ಬಿಳಿ ಚುಕ್ಕೆಗಳ ಮಳೆ ಸುರಿಯುತ್ತದೆ. ಅಡ್ಡ ಕೋಲೊಂದನ್ನು ಕಟ್ಟಿ, ಟಾರ್ಚನ್ನು ಒಂದಡಿ ಪಕ್ಕದಿಂದ ಓರೆಯಾಗಿ ಹಾಯಿಸಬೇಕು. ಅಂಗಡಿಯವರು ಕೊಡುವ ಕೆಂಪು ಫಿಲ್ಟರ್ ನೀಲಿ ಸಮುದ್ರಕ್ಕೆ ಹೊಂದುವಂಥದ್ದು. ಹಸಿರು ನೀರಿಗೆ ಮೆಜೆಂಟಾ, ಅಂದರೆ ನೇರಳೆ ಮಿಶ್ರಿತ ಗುಲಾಬಿ ಬಣ್ಣದ ಫಿಲ್ಟರ್ ಬೇಕು. ಆದರೆ ಟಾರ್ಚ್ ಇರುವಾಗ, ಅದೂ ಕತ್ತಲೆಯ ಬಾವಿಯಲ್ಲಿ, ಎರಡೂ ಬೇಡ; ಇರುವ ಬೆಳಕನ್ನೂ ಅವು ತಿನ್ನುತ್ತವೆ.

ಮೊಬೈಲ್ ಸಂಪರ್ಕ ಕಡಿದದ್ದು ದೋಷವಲ್ಲ. ವೈಫೈ ತರಂಗಗಳನ್ನು ನೀರು ಬಹುಬೇಗ ಹೀರಿಕೊಳ್ಳುತ್ತದೆ. ದಡದಲ್ಲೇ ರೆಕಾರ್ಡಿಂಗ್ ಶುರು ಮಾಡಿ, ಇಳಿಸಿ, ಮೇಲೆತ್ತಿದ ಬಳಿಕ ನೋಡುವುದೇ ದಾರಿ.

ಪ್ರಶ್ನೆ: ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗುತ್ತಿದ್ದೇವೆ. ಕಳೆದ ಸಲ ವಾಟರ್‌ಪ್ರೂಫ್ ಕೇಸಿನ ಗಾಜಿನ ಒಳಗೆ ಆವಿ ಕಟ್ಟಿ ವಿಡಿಯೊ ಹಾಳಾಯಿತು.
– ಚಿತ್ರದುರ್ಗದ ಓದುಗರು

ಉತ್ತರ: ಕರಾವಳಿಯ ತೇವದ ಗಾಳಿಯನ್ನು ದೋಣಿಯಲ್ಲೇ ಕೇಸಿನೊಳಗೆ ಮುಚ್ಚಿದ್ದೀರಿ. ಕ್ಯಾಮೆರಾ ಬಿಸಿಯೇರಿ ಒಳಗಿನ ಗಾಳಿ ಕಾದಿದೆ, ಹೊರಗಿನ ನೀರು ಗಾಜನ್ನು ತಣಿಸಿದೆ; ತೇವಾಂಶ ಅಲ್ಲೇ ಹನಿಗಟ್ಟಿದೆ. ಹಿಂದಿನ ರಾತ್ರಿ ಎ.ಸಿ. ಕೋಣೆಯಲ್ಲೇ ಕೇಸ್ ಮುಚ್ಚಿ, ಒಳಗೆ ತೇವ ಹೀರುವ ಆ್ಯಂಟಿ-ಫಾಗ್ ಪಟ್ಟಿಯನ್ನು ಇಟ್ಟು, ನೀರಿಗಿಳಿಯುವವರೆಗೆ ನೆರಳಿನಲ್ಲಿ ಇರಿಸಿರಿ. ಮುಚ್ಚುವ ಮುನ್ನ ಓ-ರಿಂಗ್ ಎನ್ನುವ ರಬ್ಬರ್ ಬಳೆಯನ್ನು ಬೆಳಕಿಗೆ ಹಿಡಿದು ನೋಡಬೇಕು, ಏಕೆಂದರೆ ಒಂದು ತಲೆಗೂದಲು ಅಡ್ಡಬಿದ್ದರೂ ನೀರು ಒಳಬರಲು ಅಷ್ಟೇ ಸಾಕು. ಖಾಲಿ ಕೇಸಿನೊಳಗೆ ಟಿಶ್ಯೂ ಕಾಗದವಿಟ್ಟು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಅದುಮಿಟ್ಟರೆ ದೊಡ್ಡ ಸೋರಿಕೆ ಮನೆಯಲ್ಲೇ ತಿಳಿಯುತ್ತದೆ. ಮರಳಿದ ಮೇಲೆ ಕೇಸ್ ತೆರೆಯದೆಯೇ ಸಿಹಿನೀರಿನಲ್ಲಿ ನೆನೆಸಿ, ಗುಂಡಿಗಳನ್ನು ಒತ್ತಿ ಬಿಟ್ಟು ಉಪ್ಪನ್ನು ತೊಳೆಯಿರಿ. ಮೊದಲ ಸಲ ಡೈವ್ ಮಾಡುವವರಿದ್ದರೆ ಅವರ ಕೈಗೆ ಕ್ಯಾಮೆರಾ ಕೊಡದಿರುವುದೇ ಒಳ್ಳೆಯದು. ಉಸಿರಾಟದ ಕಡೆ ಗಮನವಿರಲಿ.

ಪ್ರಶ್ನೆ: ಸೂಳೆಕೆರೆಯಲ್ಲಿ ಮೀನುಗಳ ವಿಡಿಯೊ ಮಾಡಲು ಯಾವ ಕಾಲ ಸೂಕ್ತ?
– ದಾವಣಗೆರೆಯ ವಿದ್ಯಾರ್ಥಿನಿ

ಉತ್ತರ: ಮಳೆಗಾಲದ ಹೊಸ ನೀರು ಕೆಂಪಾಗಿರುತ್ತದೆ, ಆಗ ಪ್ರಯತ್ನಿಸಬೇಡಿ. ಮಣ್ಣು ತಳಕ್ಕಿಳಿದ ಚಳಿಗಾಲದಲ್ಲಿ, ಗಾಳಿ ಏಳುವ ಮುಂಚಿನ ಬೆಳಗಿನ ಹೊತ್ತು ಉತ್ತಮ. ನೀವು ಕೆರೆಗಿಳಿಯಬೇಕಿಲ್ಲ. ಅಲ್ಲಿ ಮೀನು ಹಿಡಿಯುವವರನ್ನು ಮೊದಲು ಕೇಳಿಕೊಂಡು, ಕಲ್ಲು ಕಟ್ಟಿದ ಚಿಕ್ಕ ಟ್ರೈಪಾಡನ್ನು ದಡದಿಂದಲೇ ಕೋಲಿನಲ್ಲಿ ಮೊಣಕಾಲುದ್ದದ ನೀರಿಗೆ ಇಳಿಸಿ, ನಿಮ್ಮ ನೆರಳು ನೀರಿನ ಮೇಲೆ ಬೀಳದಷ್ಟು ಹಿಂದೆ ಸರಿದು ಕುಳಿತುಕೊಳ್ಳಿ. ಕದಡಿದ ಮಣ್ಣು ತಳ ಸೇರಿ ಮೀನುಗಳು ಮರಳಲು ಸಮಯ ಬೇಕು. ಮೊದಲ ಹತ್ತು ನಿಮಿಷದ ವಿಡಿಯೊವನ್ನು ಅಳಿಸಲೆಂದೇ ಲೆಕ್ಕಕ್ಕೆ ಹಿಡಿಯಿರಿ.