ಕಿಲೋಮೀಟರ್ ಕಡಿಮೆ, ವಯಸ್ಸು ಹೆಚ್ಚು: ಹಳೆಯ ಸೆಡಾನ್ ಕುರಿತು ಓದುಗರ ಪ್ರಶ್ನೆಗಳು

ತಯಾರಿಕೆ ನಿಂತುಹೋದ ಸೆಡಾನ್ ಕಾರುಗಳನ್ನು ಇಂದಿಗೂ ಪ್ರೀತಿಯಿಂದ ಓಡಿಸುತ್ತಿರುವ ಓದುಗರ ಪತ್ರಗಳಲ್ಲಿ ಐದನ್ನು ಈ ಸಲ ಉತ್ತರಕ್ಕಾಗಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು 1999ರಲ್ಲಿ ಕೊಂಡ ಸೆಡಾನ್ ಈಗ ನನ್ನ ಬಳಿ ಇದೆ. ಆ ಮಾದರಿಯ ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ಓಡಿರುವುದು 84,000 ಕಿಲೋಮೀಟರ್ ಮಾತ್ರ. ಆದರೂ ಒಂದೇ ವರ್ಷದಲ್ಲಿ ರೇಡಿಯೇಟರ್ ಹೋಸ್ ಒಡೆಯಿತು, ಪೆಟ್ರೋಲ್ ವಾಸನೆ ಬರತೊಡಗಿತು, ಗೇರ್ ಹಾಕುವಾಗ ಇಂಜಿನ್ ಕುಲುಕತೊಡಗಿತು. ಇಷ್ಟು ಕಡಿಮೆ ಓಡಿದ ಗಾಡಿಗೆ ಒಂದರ ಹಿಂದೊಂದು ತೊಂದರೆ ಏಕೆ? ಮಾರಿಬಿಡಿ ಎಂದು ಮೆಕ್ಯಾನಿಕ್ ಹೇಳುತ್ತಾರೆ, ನನಗೆ ಮನಸ್ಸು ಬರುತ್ತಿಲ್ಲ.

ಉತ್ತರ: ನೀವು ಹೇಳಿರುವ ಮೂರೂ ತೊಂದರೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ರಬ್ಬರನ್ನು. ರೇಡಿಯೇಟರ್ ಹೋಸ್, ಪೆಟ್ರೋಲ್ ಪೈಪು, ಇಂಜಿನ್ನನ್ನು ಹೊತ್ತು ಕುಲುಕಾಟ ತಡೆಯುವ ಇಂಜಿನ್ ಮೌಂಟಿಂಗ್ ಇವೆಲ್ಲ ರಬ್ಬರಿನವು, ಮತ್ತು ಕಾರು ರಸ್ತೆಯಲ್ಲಿರಲಿ ಶೆಡ್ಡಿನಲ್ಲಿರಲಿ ರಬ್ಬರಿಗೆ ಮುಪ್ಪು ಬರುವುದು ತಪ್ಪದು. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಜೋನ್, ಇಂಜಿನ್ನಿನ ಕಾವು, ಮೇಲೆ ಬಿದ್ದ ಆಯಿಲ್ ಎಲ್ಲವೂ ಸೇರಿ ಅದನ್ನು ಗಟ್ಟಿಯಾಗಿಸುತ್ತವೆ ಇಲ್ಲವೇ ಉಬ್ಬಿಸಿ ಮೆತ್ತಗಾಗಿಸುತ್ತವೆ. ಆದ್ದರಿಂದ ನಿಮ್ಮ ಕಾರಿನ ಮಟ್ಟಿಗೆ ಕಿಲೋಮೀಟರ್ ಅಂಕಿಯನ್ನು ಸ್ವಲ್ಪ ಮರೆತು, 1999 ಎಂಬ ಇಸವಿಯನ್ನು ಇಟ್ಟುಕೊಂಡು ಯೋಚಿಸಿ. ಕಾರ್ಖಾನೆಯಿಂದ ಬಂದ ರಬ್ಬರು ಇನ್ನೂ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅದರ ಆಯುಷ್ಯ ಮುಗಿದಿದೆ ಎಂದೇ ತಿಳಿಯಬೇಕು.

ಮೊದಲು ಪೆಟ್ರೋಲ್ ವಾಸನೆ. ಇದನ್ನು ಒಂದು ದಿನವೂ ಮುಂದೂಡಬೇಡಿ, ಸರಿಪಡಿಸುವವರೆಗೆ ಕಾರನ್ನು ಓಡಿಸಲೂ ಬೇಡಿ. ನಿಮ್ಮದು ಕಾರ್ಬುರೇಟರ್ ಬದಲು ಒತ್ತಡದಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಇಂಜಿನ್ ಆಗಿದ್ದರೆ ಆ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಪೆಟ್ರೋಲ್ ತುಂತುರಾಗಿ ಹಾರಿ ಬಿಸಿ ಇಂಜಿನ್ನಿನ ಮೇಲೆ ಬೀಳುತ್ತದೆ. ಹೊಸ ಪೈಪು ತರುವಾಗ ಇಂಜೆಕ್ಷನ್ ಒತ್ತಡ ತಾಳುವ, ಎಥೆನಾಲ್ ಬೆರೆತ ಪೆಟ್ರೋಲನ್ನೂ ತಾಳುವ ಪೈಪನ್ನೇ ಕೇಳಿ ಪಡೆಯಿರಿ. ಕಾರ್ಬುರೇಟರ್ ಕಾಲದ ಪೈಪು ಹೊರನೋಟಕ್ಕೆ ಹಾಗೆಯೇ ಕಂಡರೂ ಈ ಕೆಲಸಕ್ಕೆ ಆಗದು. ಕ್ಲಿಪ್ಪುಗಳನ್ನೂ ಅದರೊಂದಿಗೇ ಬದಲಿಸಿ.

ಉಳಿದ ಹೋಸ್‌ಗಳನ್ನು ನೀವೇ ಪರೀಕ್ಷಿಸಬಹುದು. ಇಂಜಿನ್ ಪೂರ್ತಿ ತಣ್ಣಗಿರುವಾಗ ಒಂದೊಂದನ್ನೂ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿ. ಒಳ್ಳೆಯ ಹೋಸ್ ಒತ್ತಿದಾಗ ಬಗ್ಗಿ, ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಕ್ಲಿಪ್ಪಿನ ಪಕ್ಕದಲ್ಲಿ ಉಬ್ಬಿದ್ದರೆ, ಒತ್ತಿದಾಗ ಒಳಗೆ ಸಣ್ಣಗೆ ಚರಚರ ಸದ್ದು ಬಂದರೆ, ಬಗ್ಗಿಸಿದಾಗ ಹೊರಮೈಯಲ್ಲಿ ಸೀಳುಗಳು ಬಾಯಿ ತೆರೆದರೆ ಅದು ಮುಗಿದ ಕಥೆ. ನನ್ನ ಕಾರಿನಲ್ಲಿ ಮೇಲಿನ ಎರಡು ದೊಡ್ಡ ಹೋಸ್‌ಗಳನ್ನು ಬದಲಿಸಿ ನಿಶ್ಚಿಂತನಾಗಿದ್ದೆ. ಮೂರು ತಿಂಗಳಿಗೆ ಇಂಜಿನ್ನಿನ ಹಿಂಭಾಗದಲ್ಲಿ, ಕೈ ಹಾಕಲೂ ಜಾಗವಿಲ್ಲದ ಕಡೆ ಇದ್ದ ಬೆರಳುದ್ದದ ಹೀಟರ್ ಹೋಸ್ ಒಡೆದು, ಕೂಲೆಂಟ್ ಪೂರಾ ರಸ್ತೆಗೆ ಹೋಯಿತು. ಕಣ್ಣಿಗೆ ಬೀಳದ ಹೋಸ್ ಅಷ್ಟೇ ಹಳೆಯದು ಎಂಬುದನ್ನು ಅಂದು ಕಲಿತೆ. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಕಪ್ಪು ಬಣ್ಣ ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗಿದ್ದರೆ ಅದೂ ಪೆಡಸಾಗಿದೆ ಎಂದು ತಿಳಿಯಿರಿ. ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಅದು ನನಗೆ ಸದಾ ಬೇಸರದ ಸಂಗತಿ. ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚಿನ ಒತ್ತಡವನ್ನು ಮುಚ್ಚಳ ಹಿಡಿದಿಟ್ಟರೆ ಬರೀ ನೀರು ಕೂಡ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಆ ರಕ್ಷಣೆ ಇಲ್ಲ, ಮತ್ತು ಅಗ್ಗದ ಒಂದು ಮುಚ್ಚಳದಿಂದಾಗಿ ಸಿಲಿಂಡರ್ ಹೆಡ್ ಬಗ್ಗುವವರೆಗೂ ಹೋಗಬಹುದು.

ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ವಿಷಯವನ್ನು ನೀವು ಬರೆದಿಲ್ಲ, ನನಗೆ ಹೆಚ್ಚು ಆತಂಕವಿರುವುದು ಅದರ ಬಗ್ಗೆಯೇ. ನಿಮ್ಮ ಇಂಜಿನ್ನಿನಲ್ಲಿ ಚೈನ್ ಬದಲು ಬೆಲ್ಟ್ ಇದ್ದರೆ, ತಯಾರಕರ ಕೈಪಿಡಿಯಲ್ಲಿ ಕಿಲೋಮೀಟರ್ ಜೊತೆಗೆ ವರ್ಷದ ಮಿತಿಯನ್ನೂ ನೋಡಿ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ಎಷ್ಟೋ ಇಂಜಿನ್‌ಗಳಲ್ಲಿ ಈ ಬೆಲ್ಟ್ ಹರಿದ ಕ್ಷಣವೇ ತೆರೆದಿದ್ದ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ವಾಲ್ವ್‌ಗಳು ಬಗ್ಗುತ್ತವೆ. ಬದಲಿಸಿದ ದಾಖಲೆ ನಿಮ್ಮ ಕೈಯಲ್ಲಿ ಇಲ್ಲವಾದರೆ ಬದಲಿಸಿಲ್ಲ ಎಂದೇ ಲೆಕ್ಕ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ ಆಗಲೇ ಹಾಕಿಸಿ. ಎರಡನೆಯ ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಬ್ರೇಕ್ ಆಯಿಲ್ ಕೂಡ ನಿಂತಲ್ಲೇ ಹಾಳಾಗುತ್ತದೆ, ಏಕೆಂದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ ಮೇಲೆ ಆ ದರ್ಜೆಗೆ ನಿಗದಿಯಾಗಿರುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆಯಿಲ್ ಕುದಿದು ಆವಿಯಾದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ರೂಢಿ ಇರುವುದು ಇದಕ್ಕಾಗಿಯೇ. ಟಯರಿನ ಪಕ್ಕದ ಗೋಡೆಯ ಮೇಲಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ: 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ತಯಾರಾದ ಟಯರು, ಮೇಲ್ಮೈಯ ಗೀರುಗಳು ಎಷ್ಟೇ ಆಳವಾಗಿ ಕಂಡರೂ ಅದನ್ನು ತೆಗೆಯಬೇಕು.

ಇಷ್ಟನ್ನು ಮಾಡಿಸಿದ ಮೇಲೆ ಒಂದು ವರ್ಷ ಓಡಿಸಿ ನೋಡಿ. ಮೆಕ್ಯಾನಿಕ್ ಮಾರಿಬಿಡಿ ಎನ್ನುವುದು ತಿಂಗಳಿಗೊಂದು ತೊಂದರೆ ಹೊತ್ತು ಬರುವ ಗಾಡಿಯನ್ನು ನೋಡಿ. ಆ ತೊಂದರೆಗಳೆಲ್ಲ ಒಂದೇ ವಯಸ್ಸಿನವು ಎಂದು ತಿಳಿದು ಒಟ್ಟಿಗೆ ತೀರಿಸಿದರೆ ಅವರ ಅಭಿಪ್ರಾಯವೂ ಬದಲಾಗಬಹುದು.

ಪ್ರಶ್ನೆ: ನನ್ನ ಹಳೆಯ ಸೆಡಾನ್ ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆಗುತ್ತದೆ. ನಲವತ್ತು ನಿಮಿಷ ಓಡಿದ ಮೇಲೆ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಪೆಟ್ರೋಲ್ ಪಂಪ್, ಪ್ಲಗ್, ಇಗ್ನಿಷನ್ ಕಾಯಿಲ್ ಮೂರನ್ನೂ ಬದಲಿಸಿ ಆಯಿತು, ತೊಂದರೆ ಹೋಗಿಲ್ಲ.

ಉತ್ತರ: ನಾಲ್ಕನೆಯ ಭಾಗವನ್ನು ಕೊಳ್ಳುವ ಮುನ್ನ ದಯವಿಟ್ಟು ನಿಲ್ಲಿಸಿ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ಕಾರು ತಣ್ಣಗಾಗಿ ಸರಿಹೋಗಿರುತ್ತದೆ, ಹಾಗಾಗಿ ಅಲ್ಲಿ ಯಾರು ನೋಡಿದರೂ ಊಹೆಯ ಮೇಲೆ ಭಾಗ ಬದಲಿಸುತ್ತಾರೆ. ಈ ರೋಗವನ್ನು ಹಿಡಿಯಲು ಸಾಧ್ಯವಾಗುವುದು ಕಾರು ನಿಂತ ಆ ಅರ್ಧ ಗಂಟೆಯಲ್ಲಿ ಮಾತ್ರ, ಮತ್ತು ಆಗ ಅದರ ಬಳಿ ಇರುವವರು ನೀವು.

ಮುಂದಿನ ಸಲ ನಿಂತಾಗ ಸುರಕ್ಷಿತವಾಗಿ ಪಕ್ಕಕ್ಕೆ ನಿಲ್ಲಿಸಿ ಎರಡು ಸಂಗತಿಗಳನ್ನು ಗಮನಿಸಿ. ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಸೆಲ್ಫ್ ಹೊಡೆಯದೆ, ಹಿಂದಿನ ಸೀಟಿನ ಕಡೆ ಕಿವಿಕೊಡಿ. ಬಹುತೇಕ ಇಂಜೆಕ್ಷನ್ ಕಾರುಗಳಲ್ಲಿ ಪಂಪಿನ ಗುಂಯ್ ಎಂಬ ಸದ್ದು ಒಂದೆರಡು ಸೆಕೆಂಡು ಕೇಳಿಸುತ್ತದೆ. ಆಮೇಲೆ ಸೆಲ್ಫ್ ಹೊಡೆಯುತ್ತ ಆರ್‌ಪಿಎಂ ಮುಳ್ಳನ್ನು ನೋಡಿ. ಪಂಪಿನ ಸದ್ದು ಇದ್ದು, ಮುಳ್ಳು ಸೊನ್ನೆಯಿಂದ ಅಲುಗದಿದ್ದರೆ ನನ್ನ ಅನುಮಾನ ಇಂಜಿನ್ ತಿರುಗುವುದನ್ನು ಇಂಜಿನ್ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಮೇಲೆ. ಅದರೊಳಗೆ ತೆಳುವಾದ ತಂತಿಯ ಸುರುಳಿ ಇರುತ್ತದೆ. ಹಳತಾದ ಸುರುಳಿಯಲ್ಲಿ ಬಿರುಕು ಬಂದಿದ್ದರೆ ಕಾವಿಗೆ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಇಂಜಿನ್ ಆಫ್ ಮಾಡಿ, ಕೈ ಸುಡದಂತೆ ನೋಡಿಕೊಂಡು, ಒದ್ದೆ ಬಟ್ಟೆಯನ್ನು ಆ ಸೆನ್ಸರಿನ ಮೇಲೆ ಎರಡು ನಿಮಿಷ ಇಟ್ಟು ತೆಗೆದ ಕೂಡಲೇ ಕಾರು ಸ್ಟಾರ್ಟ್ ಆದರೆ ರೋಗ ಸಿಕ್ಕಿತು ಎಂದುಕೊಳ್ಳಿ. ನನ್ನ ಕಾರಿನಲ್ಲಿ ಹೀಗೆಯೇ ಸಿಕ್ಕಿತು, ಅದಕ್ಕೆ ಮೊದಲು ನಾನೂ ಎರಡು ಭಾಗಗಳನ್ನು ವ್ಯರ್ಥವಾಗಿ ಬದಲಿಸಿದ್ದೆ.

ಪಂಪಿನ ಸದ್ದೇ ಬಾರದಿದ್ದರೆ ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚಿನಂಥ ಪಂಪ್ ರಿಲೇಯನ್ನು ಹೊರತೆಗೆದು ಅದರ ಮುಚ್ಚಳ ಬಿಚ್ಚಿಸಿ. ಭೂತಗನ್ನಡಿಯಲ್ಲಿ ಬೆಸುಗೆಯ ಚುಕ್ಕೆಗಳನ್ನು ನೋಡಿದರೆ ರಿಲೇಯ ಲೋಹದ ಕಾಲಿನ ಸುತ್ತ ಉಂಗುರದಂತೆ ತೆಳ್ಳನೆಯ ಕಪ್ಪು ಗೆರೆ ಕಾಣಬಹುದು. ಅದು ಬಿರುಕು, ಮತ್ತೆ ಬೆಸುಗೆ ಹಾಕಿದರೆ ಸಾಕು. ಇಂಜಿನ್ನಿನಿಂದ ಬ್ಯಾಟರಿಗೆ ಬರುವ ಅರ್ತಿಂಗ್ ತಂತಿಯನ್ನೂ ಪರೀಕ್ಷಿಸಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೂ ಇಟ್ಟು ಸೆಲ್ಫ್ ಹೊಡೆದಾಗ 0.2 ವೋಲ್ಟ್‌ಗಿಂತ ಬಹಳ ಹೆಚ್ಚು ತೋರಿಸಿದರೆ ತಂತಿ ಅಥವಾ ಅದರ ತುದಿ ಕೊಳೆತಿದೆ. ಕಂಪ್ಯೂಟರ್ ಸ್ಕ್ಯಾನರ್ ಹಾಕಿಸಲು ಸಾಧ್ಯವಿದ್ದರೆ ಒಳ್ಳೆಯದು. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದಕ್ಕೆ ಒಂದೇ ಬಗೆಯ ಪೋರ್ಟ್ ಕಡ್ಡಾಯವಾಯಿತು. ಅದಕ್ಕೂ ಹಳೆಯ ಎಷ್ಟೋ ಕಾರುಗಳಲ್ಲಿ ಎಚ್ಚರಿಕೆ ದೀಪ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿ ದೋಷದ ಸಂಖ್ಯೆಯನ್ನು ಓದಬೇಕು.

ಪ್ರಶ್ನೆ: ನಮ್ಮ ಮಾದರಿಗೆ ಬಿಡಿಭಾಗ ಸಿಗುವುದು ಕಷ್ಟವಾಗುತ್ತಿದೆ. ಸಿಕ್ಕಾಗ ಎಲ್ಲವನ್ನೂ ಕೊಂಡು ಇಟ್ಟುಕೊಳ್ಳುವುದು ಸರಿಯೇ?

ಉತ್ತರ: ಎಲ್ಲವನ್ನೂ ಬೇಡ. ಹೋಸ್, ಬುಷ್, ಆಯಿಲ್ ಸೀಲ್, ಬೆಲ್ಟ್‌ಗಳು ನಿಮ್ಮ ಕಪಾಟಿನಲ್ಲಿಯೂ ಹಳತಾಗುತ್ತವೆ. ಇಪ್ಪತ್ತು ವರ್ಷ ಪೊಟ್ಟಣದಲ್ಲೇ ಉಳಿದ "ಹೊಸ" ರಬ್ಬರ್ ಭಾಗವನ್ನು ಅಸಲಿ ಎಂಬ ಕಾರಣಕ್ಕೆ ಹೆಚ್ಚು ಹಣ ಕೊಟ್ಟು ಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೂಡಿಡಬೇಕಾದದ್ದು ಬೇರೆ ಕಾರಿನಿಂದ ಹೊಂದಿಸಲಾಗದ ಮತ್ತು ಕೊಳೆಯದ ವಸ್ತುಗಳನ್ನು: ಹೆಡ್‌ಲೈಟ್, ಹಿಂದಿನ ದೀಪ, ಗಾಜು, ಬಾಗಿಲ ಹಿಡಿಕೆ, ಬಂಪರ್, ಡ್ಯಾಶ್‌ಬೋರ್ಡಿನ ತುಣುಕುಗಳು, ಸಾಧ್ಯವಾದರೆ ಅದೇ ನಂಬರಿನ ಇಂಜಿನ್ ಕಂಪ್ಯೂಟರ್.

ಉಳಿದವುಗಳಲ್ಲಿ ಬಹಳಷ್ಟು ನಿಮ್ಮ ಮಾದರಿಗಷ್ಟೇ ಸೇರಿದವಲ್ಲ. ಕಾರು ಕಂಪನಿ ಸಾಮಾನ್ಯವಾಗಿ ಬೇರಿಂಗ್, ಸೆನ್ಸರ್, ಆಲ್ಟರ್ನೇಟರ್‌ಗಳನ್ನು ಹೊರಗಿನ ತಯಾರಕರಿಂದ ತರಿಸಿರುತ್ತದೆ, ಮತ್ತು ಆ ತಯಾರಕರ ನಂಬರು ಭಾಗದ ಮೈಮೇಲೆಯೇ ಕೆತ್ತಿರುತ್ತದೆ. ಹಳೆಯದನ್ನು ಎಸೆಯುವ ಮುನ್ನ ಸೀಮೆಎಣ್ಣೆಯಲ್ಲಿ ಒರೆಸಿ ಆ ನಂಬರನ್ನು ಬರೆದಿಟ್ಟುಕೊಳ್ಳಿ. ಬೇರಿಂಗಿನ ಮೇಲೆ 6203 ಎಂದಿದ್ದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್; ಯಾವ ಕಂಪನಿಯದಾದರೂ ಅಳತೆ ಅದೇ. ಆಯಿಲ್ ಸೀಲ್ ಮೇಲೆಯೂ ಹೀಗೆ ಮೂರು ಅಂಕಿಗಳು ಇರುವುದುಂಟು. ಸೀಲಿನ ತುಟಿಯ ದಿಕ್ಕು ಮತ್ತು ಅದು ತಾಳಬೇಕಾದ ಕಾವು ಹೊಂದುತ್ತದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಕಂಪನಿಯೇ ಮುಚ್ಚಿದರೂ ಬಿಡಿಭಾಗಗಳ ದಾರಿ ಮುಚ್ಚಲೇಬೇಕೆಂದಿಲ್ಲ. ಸ್ವೀಡನ್ನಿನ ಸಾಬ್ ಕಾರು ಕಂಪನಿ 2011ರ ಡಿಸೆಂಬರಿನಲ್ಲಿ ದಿವಾಳಿಯಾದರೂ ಅದರ ಬಿಡಿಭಾಗಗಳ ಸಂಸ್ಥೆ ಓರಿಯೋ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು.

ಪ್ರಶ್ನೆ: ಕಾರನ್ನು ಹೆಚ್ಚು ಓಡಿಸುವುದಿಲ್ಲ. ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕಲ್ಲವೇ?

ಉತ್ತರ: ಅದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ತಣ್ಣನೆಯ ಇಂಜಿನ್ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿದುಬಿಡುತ್ತದೆ, ಸೆಲ್ಫ್ ಹೊಡೆಯಲು ಖರ್ಚಾದ ಕರೆಂಟ್ ಬ್ಯಾಟರಿಗೆ ಪೂರ್ತಿ ಮರಳುವುದಿಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ರಾತ್ರಿ ಕಳೆದ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ತೋರಿಸಬೇಕು.

ಪ್ರಶ್ನೆ: ಎಲ್ಲಿಯವರೆಗೆ ದುರಸ್ತಿ ಮಾಡಿಸುತ್ತ ಹೋಗಬಹುದು? ಇಂಜಿನ್ ಆಯಿಲ್ ತಿನ್ನತೊಡಗಿದೆ, ಬಾಗಿಲ ಕೆಳಗೆ ತುಕ್ಕು ಕಾಣಿಸಿಕೊಂಡಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಇಂಜಿನ್ ವಿಷಯ ಮೊದಲು ಬಂದಿದೆ, ನಾನು ತುಕ್ಕನ್ನು ಮೊದಲು ನೋಡುತ್ತೇನೆ. ಇಂಜಿನ್ ಎಂಬುದು ಬಿಚ್ಚಿ ಕೂಡಿಸಬಹುದಾದ, ಬೇಕಾದರೆ ಬದಲಿಸಬಹುದಾದ ವಸ್ತು. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರು 1976ರ ಮರ್ಸಿಡಿಸ್ 240ಡಿ ಸೆಡಾನನ್ನು ಸುಮಾರು 46 ಲಕ್ಷ ಕಿಲೋಮೀಟರ್ ಓಡಿಸಿದರು, 2004ರಲ್ಲಿ ಆ ಕಾರು ಕಂಪನಿಯ ಸಂಗ್ರಹಾಲಯ ಸೇರಿತು. ಆ ದೂರದುದ್ದಕ್ಕೂ ಅದರ ಇಂಜಿನ್ ಅನೇಕ ಸಲ ಬದಲಾಗಿತ್ತು, ಅದು ಅದೇ ಕಾರಾಗಿ ಉಳಿದದ್ದು ಬಾಡಿಯ ಬಲದಿಂದ.

ಆದ್ದರಿಂದ ಕಾರನ್ನು ಲಿಫ್ಟಿಗೆ ಏರಿಸಿ ಕೆಳಗೆ ನಿಂತು ನೋಡಿ. ಬಾಗಿಲಿನ ಅಡಿ ಅಂಚಿನಲ್ಲಿ ನೀರು ಹರಿದುಹೋಗಲು ಇರುವ ಸಣ್ಣ ರಂಧ್ರಗಳು ಮಣ್ಣು ತುಂಬಿ ಮುಚ್ಚಿದ್ದರೆ ತುಕ್ಕು ಶುರುವಾದದ್ದು ಅಲ್ಲಿಂದಲೇ ಇರಬೇಕು. ಒಂದು ತಂತಿಯಿಂದ ಬಿಡಿಸಿ. ಬಾಗಿಲಿಗೆ ಮಾತ್ರ ಬಂದ ತುಕ್ಕನ್ನು ಕತ್ತರಿಸಿ ತಗಡು ಬೆಸೆಯಬಹುದು. ಆಮೇಲೆ ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗ, ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯಂಥ ಭಾಗ, ಇವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ಲೋಹ ಠಣ್ಣೆಂದು ಸದ್ದು ಕೊಡುತ್ತದೆ. ಸದ್ದು ಮಂಕಾಗಿ ಬಂದು, ಬಣ್ಣದ ಅಡಿಯಿಂದ ಕೆಂಪು ಪುಡಿ ಉದುರಿದರೆ ಅಲ್ಲಿ ಲೋಹ ಉಳಿದಿಲ್ಲ. ಸಸ್ಪೆನ್ಷನ್ ಸೇರುವ ಜಾಗದಲ್ಲಿ ಹಾಗಾಗಿದ್ದರೆ, ನುರಿತ ಬೆಸುಗೆಗಾರರು ನೋಡಿ ಹೊಸ ಲೋಹ ಕೂಡಿಸಿ ಬಲಪಡಿಸಬಹುದು ಎಂದು ಖಾತರಿ ಕೊಡುವವರೆಗೆ ಆ ಕಾರಿನಲ್ಲಿ ಯಾರನ್ನೂ ಕೂರಿಸಬೇಡಿ. ಅವರು ಆಗದು ಎಂದರೆ ಇಂಜಿನ್ನಿಗೆ ಹಣ ಹಾಕಬೇಡಿ. ಆಗುತ್ತದೆ ಎಂದರೆ ಮೊದಲು ಬೆಸುಗೆ ಮಾಡಿಸಿ, ಅನಂತರ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ ನಾಲ್ಕೂ ಸಿಲಿಂಡರಿನ ಅಂಕಿಗಳನ್ನು ನನಗೆ ಬರೆದು ಕಳುಹಿಸಿ. ಅಂಕಿಗಳು ಸಮನಾಗಿ, ತಯಾರಕರು ಹೇಳಿದ ಮಿತಿಯೊಳಗೇ ಇದ್ದರೆ, ಆಯಿಲ್ ತಿನ್ನುತ್ತಿರುವುದು, ವಾಲ್ವ್ ಮೂಲಕ ಆಯಿಲ್ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್‌ಗಳು ಗಟ್ಟಿಯಾದದ್ದರಿಂದ ಇರಬಹುದು, ಮತ್ತು ಅವೂ ರಬ್ಬರಿನವೇ.