ಏಳನೇ ಕ್ಲಾಸಿನಲ್ಲಿದ್ದೇನೆ, ನವೋದಯ ಅಥವಾ ಸೈನಿಕ ಶಾಲೆಗೆ ಈಗಿನಿಂದ ಹೇಗೆ ತಯಾರಾಗಬೇಕು?

ಏಳನೇ ಕ್ಲಾಸು ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಸಕಲೇಶಪುರದ ಹತ್ತಿರ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ, ಅಪ್ಪ ಕಾಫಿ ತೋಟದಲ್ಲಿ ರೈಟರು, ಅಂದರೆ ಲೆಕ್ಕಪತ್ರ ನೋಡುವವರು. ಎಂಟನೇ ಕ್ಲಾಸಿಗೆ ಊರು ಬಿಟ್ಟು ಬೇರೆ ಜಿಲ್ಲೆಯ ಕೋಚಿಂಗ್ ಸೆಂಟರ್ ಸೇರಲೇ ಅಂತಲೂ ಕೇಳಿದ್ದೀಯ. ಬೇಡ. ನಾನು ಇದೇ ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಗಣಿತ ಮೇಷ್ಟ್ರು. ಈ ಪರೀಕ್ಷೆಗಳಿಗೆ ಕೂರುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಓದುವುದಕ್ಕಿಂತ ಮೊದಲು ನಿಯಮ ತಿಳಿದುಕೋ.

ನವೋದಯ, ಸೈನಿಕ ಎರಡೂ ಹಾಸ್ಟೆಲ್‌ನಲ್ಲಿದ್ದು ಓದುವ ಶಾಲೆಗಳು. ಅವುಗಳ ಆರನೇ ಕ್ಲಾಸಿನ ಪ್ರವೇಶ ನಿನಗೆ ಮುಗಿದುಹೋಗಿದೆ. ಉಳಿದಿರುವುದು ಒಂಬತ್ತನೇ ಕ್ಲಾಸು. ಅದರ ಪರೀಕ್ಷೆ ನೀನು ಎಂಟರಲ್ಲಿ ಓದುವಾಗ ನಡೆಯುತ್ತದೆ. ನವೋದಯದಲ್ಲಿ ಒಂಬತ್ತಕ್ಕೆ ತುಂಬುವುದು ಖಾಲಿ ಬಿದ್ದ ಸೀಟು ಮಾತ್ರ. ಹಾಗಾಗಿ ಒಂದು ವರ್ಷ ಇದ್ದಷ್ಟು ಇನ್ನೊಂದು ವರ್ಷ ಇರುವುದಿಲ್ಲ.

ಈಗ ಜಿಲ್ಲೆಯ ವಿಷಯ. ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುತ್ತೀಯೋ ಆ ಜಿಲ್ಲೆಯಲ್ಲೇ ನೀನು ವಾಸವಿರಬೇಕು, ಅಲ್ಲೇ ಎಂಟನೇ ಕ್ಲಾಸು ಓದುತ್ತಿರಬೇಕು. ಹಾಸನದವರಿಗೆ ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆ, ಚಿಕ್ಕಮಗಳೂರಿನವರಿಗೆ ಬಾಳೆಹೊನ್ನೂರು. ನಮ್ಮ ಕಡೆಯ ಹುಡುಗನೊಬ್ಬನನ್ನು ಮನೆಯವರು ಸಾಲ ಮಾಡಿ ದೂರದ ಕೋಚಿಂಗ್ ಹಾಸ್ಟೆಲ್‌ಗೆ ಹಾಕಿದರು. ಅಲ್ಲಿಯವರು ಟಿಸಿ ತರಿಸಿಕೊಂಡು ಅಲ್ಲೇ ಒಂದು ಶಾಲೆಯಲ್ಲಿ ಹೆಸರು ಬರೆಸಿದರು. ಅರ್ಜಿ ತುಂಬುವಾಗ ನೋಡಿದರೆ ಮನೆ ಹಾಸನ, ಶಾಲೆ ಇನ್ನೊಂದು ಜಿಲ್ಲೆ. ಎರಡು ಕಡೆಗೂ ಸಲ್ಲಲಿಲ್ಲ. ಹುಡುಗ ಲೆಕ್ಕದಲ್ಲಿ ಚುರುಕಾಗಿದ್ದ, ಅದೇ ಬೇಜಾರು. ಸಕಲೇಶಪುರ-ಮೂಡಿಗೆರೆ ಗಡಿಯ ಹಳ್ಳಿಗಳಲ್ಲಿ ಕೋಚಿಂಗ್ ಇಲ್ಲದೆಯೂ ಈ ತೊಡಕು ಬರಬಹುದು. ಮನೆ ಈಚೆ, ಬಸ್ಸು ಸಿಗುತ್ತದೆ ಅಂತ ಶಾಲೆ ಆಚೆ. ನಿನ್ನದು ಹಾಗಿದೆಯಾ ನೋಡಿಕೋ.

ಸೈನಿಕ ಶಾಲೆಗೆ ಈ ಜಿಲ್ಲೆಯ ಕಟ್ಟು ಇಲ್ಲ. ನಮಗೆ ಹತ್ತಿರದ್ದು ಕೊಡಗಿನ ಕೂಡಿಗೆಯದು. ಅರಕಲಗೂಡು, ಕೊಣನೂರು ದಾಟಿ ಕುಶಾಲನಗರದ ದಾರಿಯಲ್ಲೇ ಸಿಗುತ್ತದೆ. ಒಂಬತ್ತಕ್ಕೆ ಸೇರುವ ವರ್ಷದ ಮಾರ್ಚ್ 31ಕ್ಕೆ ವಯಸ್ಸು 13ರಿಂದ 15ರ ಒಳಗೆ ಇರಬೇಕು. ಡೆಹ್ರಾಡೂನಿನ ಮಿಲಿಟರಿ ಕಾಲೇಜು ಎಂಟನೇ ಕ್ಲಾಸಿಗೇ ತೆಗೆದುಕೊಳ್ಳುತ್ತದೆ. ಆದರೆ ಅಲ್ಲಿ ಸೀಟು ತೀರಾ ಕಡಿಮೆ, ವಯಸ್ಸೂ 13 ದಾಟಿರಬಾರದು. ಅದನ್ನೇ ನಂಬಿಕೊಂಡು ಕೂರಬೇಡ.

ದುಡ್ಡಿನ ಮಾತನ್ನು ಅಪ್ಪನ ಹತ್ತಿರ ಈಗಲೇ ಆಡು. ನವೋದಯದಲ್ಲಿ ಊಟ, ವಸತಿ, ಪುಸ್ತಕ, ಯೂನಿಫಾರ್ಮ್ ಎಲ್ಲ ಉಚಿತ. ಒಂಬತ್ತರಿಂದ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಅಂತ ಕಟ್ಟಬೇಕು. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್ ಮನೆಯ ಮಕ್ಕಳಿಗೆ ಅದೂ ಇಲ್ಲ. ಸೈನಿಕ ಶಾಲೆಯ ಖರ್ಚು ವರ್ಷಕ್ಕೆ ಲಕ್ಷ ದಾಟುತ್ತದೆ. ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡುವುದುಂಟು, ಆದರೂ ಲೆಕ್ಕ ಹಾಕಿಕೊಂಡೇ ಮುಂದೆ ಹೋಗಬೇಕು.

ಇನ್ನು ಓದು. ನವೋದಯದ ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ 100 ಪ್ರಶ್ನೆ, ಎರಡೂವರೆ ಗಂಟೆ. ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಸೈನಿಕ ಶಾಲೆಯದು 150 ಪ್ರಶ್ನೆ, 400 ಅಂಕ, ಮೂರು ಗಂಟೆ. ಅದರಲ್ಲಿ ಗಣಿತಕ್ಕೇ 200 ಅಂಕ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿನ್ನ ವೇಳೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ, ಅಲ್ವಾ?

ಗಣಿತದಲ್ಲಿ ಮಕ್ಕಳು ಸೋಲುವುದು ಎಂಟನೇ ಕ್ಲಾಸಿನ ಹೊಸ ಪಾಠದಲ್ಲಲ್ಲ. ಐದು, ಆರು, ಏಳರಲ್ಲಿ ಅರ್ಧ ಬಿಟ್ಟು ಬಂದ ಭಿನ್ನರಾಶಿ, ದಶಮಾಂಶ, ಶೇಕಡಾ, ಅನುಪಾತದಲ್ಲಿ. ಸಮೀಕರಣ ಚೆನ್ನಾಗಿ ಬಿಡಿಸುತ್ತಿದ್ದವರು ನಡುವೆ ಒಂದು ಭಿನ್ನರಾಶಿ ಬಂದ ತಕ್ಷಣ ಪೆನ್ನು ಕೆಳಗಿಡುತ್ತಾರೆ. ಒಂದು ಲೆಕ್ಕ ಕೊಡುತ್ತೇನೆ. ಅಂಗಡಿಯವನು ಶೇಕಡಾ 20 ರಿಯಾಯಿತಿ ಕೊಟ್ಟು ಒಂದು ಬ್ಯಾಗನ್ನು 400 ರೂಪಾಯಿಗೆ ಮಾರಿದ. ಮೊದಲಿನ ಬೆಲೆ ಎಷ್ಟು? ನನ್ನ ಕ್ಲಾಸಿನಲ್ಲಿ ಜಾಸ್ತಿ ಕೈ ಏಳುವುದು 480ಕ್ಕೆ. 400ರ ಮೇಲೆ ಶೇಕಡಾ 20 ಕೂಡಿಸಿಬಿಡುತ್ತಾರೆ. ಆದರೆ ರಿಯಾಯಿತಿ ಕೊಟ್ಟಿದ್ದು ಮೊದಲಿನ ಬೆಲೆಯ ಮೇಲೆ. 400 ಅಂದರೆ ಅದರ ಶೇಕಡಾ 80, ಹಾಗಾಗಿ ಉತ್ತರ 500. ಪ್ರಶ್ನೆ ಮಾಡುವವರಿಗೂ ಇದು ಗೊತ್ತು. ನಾಲ್ಕು ಆಯ್ಕೆಯಲ್ಲಿ 480 ಇದ್ದೇ ಇರುತ್ತದೆ. ಶಾಲೆಯ ಪರೀಕ್ಷೆಯಲ್ಲಾದರೆ ವಿಧಾನ ಸರಿ ಇದ್ದರೆ ಒಂದೆರಡು ಅಂಕ ಹಾಕುತ್ತೇವೆ. ಇಲ್ಲಿ ಸೊನ್ನೆ.

ಆದ್ದರಿಂದ ಏಳನೇ ಕ್ಲಾಸಿನ ಈ ವರ್ಷ ಗೈಡು, ಮಾದರಿ ಪ್ರಶ್ನೆಪತ್ರಿಕೆ ಯಾವುದೂ ಬೇಡ. ಐದನೇ ಕ್ಲಾಸಿನ ಗಣಿತ ಪುಸ್ತಕದಿಂದ ಶುರು ಮಾಡು. ನಾಚಿಕೆ ಪಡಬೇಡ. ಅಭ್ಯಾಸದ ಒಂದೊಂದು ಲೆಕ್ಕವನ್ನೂ ಉತ್ತರ ನೋಡದೆ ಬಿಡಿಸು. ತಪ್ಪಿದ್ದನ್ನು ಬೇರೆ ನೋಟ್ ಪುಸ್ತಕದಲ್ಲಿ ಬರೆದಿಟ್ಟು, ವಾರ ಬಿಟ್ಟು ಮತ್ತೆ ಮಾಡು. ಇಪ್ಪತ್ತರವರೆಗೆ ಮಗ್ಗಿ, ಮೂವತ್ತರವರೆಗೆ ವರ್ಗ ಬಾಯಿಗೆ ಬರಬೇಕು. ನವೋದಯದಲ್ಲಿ ಒಂದು ಪ್ರಶ್ನೆಗೆ ಸಿಗುವುದು ಒಂದೂವರೆ ನಿಮಿಷ. 17 ಇಂಟು 8 ಅನ್ನು ಹಾಳೆಯ ಮೇಲೆ ಮಾಡುತ್ತಾ ಕೂತರೆ ವಿಜ್ಞಾನಕ್ಕೆ ವೇಳೆ ಉಳಿಯುವುದಿಲ್ಲ. ನಿಮ್ಮ ಕಡೆ ಜುಲೈನಲ್ಲಿ ಮಳೆ ರಜೆ ಸಿಗುತ್ತದಲ್ಲ, ಆ ದಿನಗಳನ್ನು ಇದಕ್ಕೇ ಇಟ್ಟುಕೋ.

ನಿನ್ನ ದೊಡ್ಡ ತೊಡಕು ಭಾಷೆ. ಸೈನಿಕ ಶಾಲೆಯ ಒಂಬತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ನವೋದಯದ್ದು ಇಂಗ್ಲಿಷ್ ಅಥವಾ ಹಿಂದಿ. ಇದಕ್ಕೆ ಹೆದರಿ ಶಾಲೆ ಬದಲಿಸುವುದೇನೂ ಬೇಡ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ನಿನ್ನದೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ ಗಣಿತ, ವಿಜ್ಞಾನ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಅದೇ ಪಾಠ, ಅದೇ ಲೆಕ್ಕ. ಕನ್ನಡದಲ್ಲಿ ಕ್ಲಾಸಿನಲ್ಲಿ ಮುಗಿದ ಪಾಠವನ್ನು ಅದೇ ವಾರ ಇಂಗ್ಲಿಷ್ ಪುಸ್ತಕದಲ್ಲಿ ಓದು. ವಿಷಯ ಮೊದಲೇ ಗೊತ್ತಿರುವುದರಿಂದ ಪದಗಳು ತಾವಾಗಿಯೇ ಹತ್ತುತ್ತವೆ. ನಾನು ನೋಡಿದಂತೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗಿಂತ ಇದು ಎಷ್ಟೋ ಮೇಲು. ಹಿಂದಿ ಆರನೇ ಕ್ಲಾಸಿನಿಂದ ಓದುತ್ತಿದ್ದೀಯ. ಹೆಚ್ಚಿನವರು ಸುಮ್ನೆ ಪಾಸಾದರೆ ಸಾಕು ಅಂತ ಬಿಡುತ್ತಾರೆ. ಆ 15 ಪ್ರಶ್ನೆಯಲ್ಲಿ ಹತ್ತು ಸರಿ ಮಾಡಿದರೂ ಬೇರೆಯವರಿಗಿಂತ ಮುಂದೆ ಹೋಗುತ್ತೀಯ. ನಿಮ್ಮ ಪಂಚಾಯ್ತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪೇಪರ್ ಓದಲು ಅಲ್ಲಿಗೆ ಹೋಗು.

ಮಾದರಿ ಪತ್ರಿಕೆಗಳನ್ನು ಎಂಟನೇ ಕ್ಲಾಸಿನಲ್ಲಿ ಗಡಿಯಾರ ಇಟ್ಟುಕೊಂಡು ಮಾಡು. ಉತ್ತರ ಗುರುತಿಸುವ ಓಎಂಆರ್ ಹಾಳೆಯ ಗುಂಡು ತುಂಬುವುದನ್ನೂ ಅಭ್ಯಾಸ ಮಾಡಬೇಕು. ಒಂದು ಸಾಲು ತಪ್ಪಿದರೆ ಕೆಳಗಿನದೆಲ್ಲ ತಪ್ಪು. ಸೈನಿಕ ಶಾಲೆ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡ. ಅಲ್ಲಿ ಮೆಡಿಕಲ್ ಟೆಸ್ಟ್ ಕೂಡ ಇದೆ. ಬೋರ್ಡಿನ ಅಕ್ಷರ ಮಸುಕಾಗಿ ಕಂಡರೆ ಕಣ್ಣನ್ನು ಈಗಲೇ ತೋರಿಸು.

ಹಾಸ್ಟೆಲ್ ಜೀವನಕ್ಕೂ ತಯಾರಿ ಬೇಕು, ಅದನ್ನು ಯಾರೂ ಹೇಳುವುದಿಲ್ಲ. ನಿನ್ನ ಬಟ್ಟೆ ನೀನೇ ಒಗೆ. ಬೆಳಗ್ಗೆ ಅಮ್ಮ ಕೂಗದೆ ಏಳು. ಅಕ್ಕಿ ರೊಟ್ಟಿ ಇಲ್ಲದೆಯೂ ದಿನ ಕಳೆಯಲು ಕಲಿ. ನವೋದಯದಲ್ಲಿ ಒಂಬತ್ತನೇ ಕ್ಲಾಸಿನ ಒಂದಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳುಹಿಸುವ ಪದ್ಧತಿ ಇದೆ. ಇದನ್ನು ಅಮ್ಮನಿಗೂ ಮೊದಲೇ ಹೇಳಿರು.

ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆಯನ್ನೂ ಬರೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಗಣಿತ, ವಿಜ್ಞಾನದ ಓದು ಅದಕ್ಕೂ ಆಗುತ್ತದೆ, ಕನ್ನಡದಲ್ಲೇ ಬರೆಯಬಹುದು. ನವೋದಯ, ಸೈನಿಕ ಶಾಲೆಯ ಮಕ್ಕಳಿಗೆ ಈ ದುಡ್ಡು ಇಲ್ಲ. ಆದರೆ ಸೀಟು ಸಿಗದೆ ಊರಿನ ಹೈಸ್ಕೂಲಲ್ಲೇ ಉಳಿದರೆ ಓದಿದ್ದು ನೀರಿಗೆ ಹೋಗುವುದಿಲ್ಲ. ಎನ್‌ಎಂಎಂಎಸ್‌ಗೆ ಕೂರಲು ಏಳನೇ ಕ್ಲಾಸಿನಲ್ಲಿ ಶೇಕಡಾ 55 ಅಂಕ ಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ 50.

ಕೊನೆಗೆ, ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನ ಶಾಲೆಯ ದಾಖಲೆಗೆ ಹೊಂದುತ್ತದೆಯಾ ಅಂತ ಈ ವಾರವೇ ಹೆಡ್‌ಮಾಸ್ಟರ್ ಹತ್ತಿರ ಕೇಳು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ನವೋದಯದ ಅರ್ಜಿ ಆನ್‌ಲೈನ್, ಅದಕ್ಕೆ ಫೀಸಿಲ್ಲ. ಯಾರಾದರೂ ಸೀಟು ಕೊಡಿಸುತ್ತೇನೆ ಅಂತ ದುಡ್ಡು ಕೇಳಿದರೆ ಅಪ್ಪನಿಗೆ ಹೇಳು, ಕೊಡುವುದು ಬೇಡ.