ಆಯಾ ಕೊಡಿಸುವ ಮಗು, ನೋಟರಿ ಮಾಡಿಸಿದ ಬಾಂಡ್ ಪೇಪರ್

ಪ್ರಶ್ನೆ: ಮದುವೆಯಾಗಿ 11 ವರ್ಷ, ಮಕ್ಕಳಿಲ್ಲ. ಮಂಡ್ಯದ ಒಂದು ನರ್ಸಿಂಗ್ ಹೋಮಿನ ಆಯಾ, ಮದುವೆಯಾಗದ ಹುಡುಗಿಯೊಬ್ಬಳ ಮಗು ಕೊಡಿಸ್ತೀನಿ ಅಂತಿದ್ದಾರೆ. ಖರ್ಚಿಗೆ ಒಂದೂವರೆ ಲಕ್ಷ ಕೇಳಿದ್ದಾರೆ. ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿದರೆ ಸಾಕಂತೆ. ಮುಂದೆ ಏನಾದರೂ ತೊಂದರೆ ಆಗುತ್ತಾ?
- ಮದ್ದೂರು ತಾಲ್ಲೂಕಿನ ಓದುಗರು

ಉತ್ತರ: ಆಗುತ್ತದಮ್ಮ. ನಮ್ಮ ಮಕ್ಕಳ ಪಾಲನಾ ಗೃಹದಲ್ಲಿ ತಿಂಗಳಿಗೆ ಎರಡು ಸಲವಾದರೂ ಯಾರಾದರೂ ಇದನ್ನೇ ಕೇಳುತ್ತಾರೆ. ಕೇಳುವಾಗ ಹೆಚ್ಚಿನವರು ಅರ್ಧ ದುಡ್ಡು ಕೊಟ್ಟಾಗಿರುತ್ತದೆ. ನೀವು ಇನ್ನೂ ಕೊಟ್ಟಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ.

ಆ ಪೇಪರ್ ನಿಮ್ಮನ್ನು ತಂದೆತಾಯಿ ಮಾಡುವುದಿಲ್ಲ. ಖರ್ಚು ಅನ್ನಿ, ಕಾಣಿಕೆ ಅನ್ನಿ, ದುಡ್ಡು ಕೊಟ್ಟು ಮಗು ತಂದರೆ ಅದು ಮಾರಾಟ. 2015ರ ಬಾಲನ್ಯಾಯ ಕಾಯ್ದೆಯ 81ನೇ ಕಲಂ ಪ್ರಕಾರ ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ. ಆಸ್ಪತ್ರೆಯವರೇ ಮಾಡಿದರೆ 3ರಿಂದ 7 ವರ್ಷ. ಹೆರಿಗೆ ನಿಮಗೇ ಆದಂತೆ ದಾಖಲೆ ಬರೆಸ್ತೀನಿ ಅಂದರೆ ಅದು ಇನ್ನೊಂದು ಅಪರಾಧ.

ಅಕ್ಕನ ಮಗನನ್ನು ತಂಗಿ ದತ್ತು ತಗೊಂಡಿದ್ದಾಳಲ್ಲ ಅಂತೀರಿ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಹೆತ್ತವರೇ ಮಗುವನ್ನು ಕೊಡಬಹುದು, ನಿಜ. ಅಲ್ಲೂ ಒಂದು ಪೈಸೆ ಮುಟ್ಟುವಂತಿಲ್ಲ. ಇಲ್ಲಿ ಹೆತ್ತವಳ ಮುಖವನ್ನೇ ನೀವು ನೋಡಿಲ್ಲ.

ಅವಳ ವಯಸ್ಸೆಷ್ಟು, ಕೇಳಿದಿರಾ? 18 ತುಂಬಿಲ್ಲದಿದ್ದರೆ ಅದು ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣ. ಆ ಆಯಾ ಮುಚ್ಚಿಡುತ್ತಿರುವುದು ಅದನ್ನೇ ಇರಬಹುದು. ಸಾಕಲು ಆಗಲ್ಲ ಅನ್ನುವ ತಾಯಿ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಆಮೇಲೂ ಮನಸ್ಸು ಬದಲಾಯಿಸಲು 2 ತಿಂಗಳು ಸಮಯ ಇದೆ. ಮನಸ್ಸು ಬದಲಾಗಿ ವಾಪಸ್ ಬಂದ ತಾಯಂದಿರನ್ನು ನಾನು ನೋಡಿದ್ದೇನೆ. ದಲ್ಲಾಳಿ ಕೈಗೆ ಮಗು ಹೋದರೆ ಅವಳಿಗೆ ಆ 2 ತಿಂಗಳು ಸಿಗುವುದೇ ಇಲ್ಲ.

ಹೀಗೆ ತಂದ ಒಂದು ಹೆಣ್ಣುಮಗು, ಮೂರು ವರ್ಷದ್ದು. ದಲ್ಲಾಳಿ ಸಿಕ್ಕಿಬಿದ್ದ ಮೇಲೆ ಅವಳ ಫೋನಿನಲ್ಲಿದ್ದ ನಂಬರ್ ಹಿಡಿದು ಪೊಲೀಸರು ಆ ಮನೆಗೆ ಬಂದರು. ಸಾಕಿದವರು ಒಳ್ಳೆಯವರು. ಮಗು ಚೆನ್ನಾಗಿ ಬೆಳೆದಿತ್ತು. ಜೀಪಿನಲ್ಲಿ ನನ್ನ ತೊಡೆ ಮೇಲೆ ಕೂತು ದಾರಿಯುದ್ದಕ್ಕೂ ‘ಅಮ್ಮ ಎಲ್ಲಿ’ ಅಂತ ಕೇಳಿತು. ಯಾವ ಅಮ್ಮ ಅಂತ ಹೇಳಲಿ?

ಸರಿಯಾದ ದಾರಿ ಒಂದೇ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಇವತ್ತೇ ಹೆಸರು ನೋಂದಾಯಿಸಿ. ಮನೆಗೆ ಬಂದು ವಿಚಾರಿಸುತ್ತಾರೆ. ಕೊನೆಗೆ ಜಿಲ್ಲಾಧಿಕಾರಿ ದತ್ತು ಆದೇಶ ಕೊಡುತ್ತಾರೆ. ವರ್ಷಗಟ್ಟಲೆ ಕಾಯಬೇಕು, ಸುಳ್ಳು ಹೇಳಲ್ಲ. ಎರಡು ವರ್ಷದೊಳಗಿನ ಮಗು ಬೇಕೆಂದರೆ ಗಂಡ ಹೆಂಡತಿ ಇಬ್ಬರ ವಯಸ್ಸು ಸೇರಿ 85 ದಾಟಿರಬಾರದು. ಅದಕ್ಕೇ ತಡ ಮಾಡಬೇಡಿ ಅನ್ನುವುದು.

ಇನ್ನೊಂದು ಮಾತು. ‘ಸುಮ್ನೆ ಒಂದು ಸಲ ನೋಡ್ಕೊಂಡು ಬರ್ತೀವಿ’ ಅಂತ ಆ ಮಗುವನ್ನು ನೋಡಲು ಹೋಗಬೇಡಿ. ಎತ್ತಿಕೊಂಡ ಮೇಲೆ ಯಾರ ಮಾತೂ ಕಿವಿಗೆ ಬೀಳಲ್ಲ. ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಆ ಆಯಾ ವಿಷಯ ತಿಳಿಸಿ.

ಪ್ರಶ್ನೆ: ಅನಾಥ ಮಗು ಸಾಕಿದರೆ ನಮಗೂ ಸ್ವಂತ ಮಗು ಹುಟ್ಟುತ್ತದೆ ಅಂತ ಜ್ಯೋತಿಷಿ ಹೇಳಿದ್ದಾರೆ.
ಉತ್ತರ: ಮಗು ಹರಕೆಯ ಸಾಮಾನಲ್ಲ. ನಿಮ್ಮ ಮಗು ಹುಟ್ಟಿದ ಮೇಲೆ ಇದರ ಗತಿ ಏನು? ದಯವಿಟ್ಟು ದತ್ತು ತಗೊಳ್ಳಬೇಡಿ.

ಪ್ರಶ್ನೆ: ಮಗನ ಹುಟ್ಟುಹಬ್ಬಕ್ಕೆ ನಿಮ್ಮ ಗೃಹದ ಮಕ್ಕಳಿಗೆ ಊಟ ಹಾಕಿಸಿ, ಫೋಟೋ ಸ್ಟೇಟಸ್‌ಗೆ ಹಾಕಬಹುದಾ?
ಉತ್ತರ: ಊಟ ಹಾಕಿಸಿ. ಫೋಟೋ ಬೇಡ, ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅನ್ನುವ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಬಿಡಲ್ಲ.

ಪ್ರಶ್ನೆ: 18 ತುಂಬಿದ ತಕ್ಷಣ ಹುಡುಗರನ್ನು ಹೊರಗೆ ಹಾಕ್ತೀರಂತೆ?
ಉತ್ತರ: 21ರವರೆಗೆ ನೆರವು ಕೊಡಲು ಕಾನೂನಿನಲ್ಲೇ ಅವಕಾಶ ಇದೆ, ಕೊಡುತ್ತೇವೆ. ಕಷ್ಟ ಇರುವುದು ಬೇರೆ ಕಡೆ. ಐಟಿಐ ಮುಗಿಸಿದ ನಮ್ಮ ಇಬ್ಬರು ಹುಡುಗರಿಗೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದೆ. ಬಾಡಿಗೆಗೆ ರೂಮ್ ಸಿಕ್ಕಿಲ್ಲ. ‘ಅಪ್ಪ ಅಮ್ಮನ್ನ ಕರ್ಕೊಂಡು ಬನ್ನಿ’ ಅಂತಾರೆ ಮಾಲೀಕರು. ಆ ಕಡೆ ನಿಮ್ಮದೊಂದು ರೂಮ್ ಖಾಲಿ ಇದ್ದರೆ ಬರೆಯಿರಿ. ಅಡ್ವಾನ್ಸ್ ನಾವು ಕೊಡುತ್ತೇವೆ.